ಗೇಮ್ ಮಾಡಲು ಕಲಿಯುವವರಿಗೆ ಗೋಡೋ: ಶಿವಮೊಗ್ಗದ ಡಿಟಿಪಿ ಅಂಗಡಿಯಿಂದ ಒಂದು ವಿಮರ್ಶೆ

ಪ್ರೋಗ್ರಾಮಿಂಗ್ ಗೊತ್ತಿಲ್ಲ, ಕಂಪ್ಯೂಟರ್ ಹಳೆಯದು, ದುಡ್ಡು ಹಾಕುವ ಸ್ಥಿತಿ ಇಲ್ಲ, ಆದರೂ ಸ್ವಂತದ್ದೊಂದು ಗೇಮ್ ಮಾಡಬೇಕು ಎಂಬ ಆಸೆ ಇದೆ. ಇಂಥವರು ಯಾವ ಸಾಫ್ಟ್‌ವೇರ್ ಹಿಡಿದು ಕಲಿಯಬೇಕು ಅಂತ ಕೇಳಿದರೆ ನಾನು ಗೋಡೋ ಎಂಜಿನ್ ಹೆಸರು ಹೇಳುತ್ತೇನೆ. ಹೊಗಳುವುದಕ್ಕೆ ಅದರಲ್ಲಿ ಬೇಕಾದಷ್ಟಿದೆ, ಹೊಸಬರನ್ನು ಸುಸ್ತು ಮಾಡುವ ಜಾಗಗಳೂ ಇವೆ. ಎರಡನ್ನೂ ಬರೆಯುತ್ತೇನೆ.

ಶಿವಮೊಗ್ಗದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಒಂದು ತರಬೇತಿ ಕೇಂದ್ರದಲ್ಲಿ ಗೇಮ್ ಡೆವಲಪ್‌ಮೆಂಟ್ ಕೋರ್ಸಿಗೆ ಸೇರಿದ್ದ. ರಜೆ ಮುಗಿಯುವ ಹೊತ್ತಿಗೆ ಅವನ ಹತ್ತಿರ ಒಂದು ನೋಟ್ ಬುಕ್ಕಿನ ತುಂಬ ಬರೆಸಿದ ವ್ಯಾಖ್ಯೆಗಳಿದ್ದವು, ಪರದೆ ಮೇಲೆ ಅಲ್ಲಾಡುವ ಒಂದು ಬೊಂಬೆ ಕೂಡ ಇರಲಿಲ್ಲ. "ನಿನ್ನಂಗಡಿ ಕಂಪ್ಯೂಟರಲ್ಲೇ ಕಲಿಯೋಕಾಗಲ್ವಾ ಮಾಮ?" ಅಂದ. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಇಬ್ಬರೂ ಕೂರುವುದು ಅಲ್ಲಿಂದ ಶುರುವಾಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಎಂಟು ಜಿಬಿ ರ‍್ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮುಂದೆ ಬರೆಯುವುದೆಲ್ಲ ಆ ಯಂತ್ರದ ಮೇಲಿನ ಅನುಭವ.

ಗೋಡೋಗೆ ಮೊದಲು ಸ್ಕ್ರ್ಯಾಚ್ ಬಗ್ಗೆ ಎರಡು ಮಾತು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನವರು ಮಕ್ಕಳಿಗಾಗಿ 2007ರಲ್ಲಿ ಹೊರತಂದ ಉಚಿತ ಸಾಫ್ಟ್‌ವೇರ್ ಅದು, ಬ್ರೌಸರಿನಲ್ಲೇ ನಡೆಯುತ್ತದೆ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಸಿಕ್ಕಿಸುತ್ತ ಹೋದರೆ ಪರದೆಯ ಬೆಕ್ಕು ನಡೆಯುತ್ತದೆ, ಕುಣಿಯುತ್ತದೆ. 'ಹೀಗಾದರೆ ಹೀಗೆ ಮಾಡು', 'ಹತ್ತು ಸಲ ಮಾಡು', 'ಅಂಕವನ್ನು ಒಂದು ಹೆಚ್ಚಿಸು' ಎಂಬ ಮೂರು ವಿಚಾರ ತಲೆಗೆ ಹತ್ತಲು ಅದಕ್ಕಿಂತ ಸಲೀಸಾದ ದಾರಿ ನಾನು ಕಂಡಿಲ್ಲ. ಹತ್ತು ಹನ್ನೆರಡು ವರ್ಷದ ಮಗುವಾದರೆ ಅಲ್ಲೇ ಇರಲಿ, ಅವಸರ ಬೇಡ. ದೊಡ್ಡವರೂ ಒಂದೆರಡು ವಾರ ಅದರಲ್ಲಿ ಆಡಿ ಬಂದರೆ ಗೋಡೋ ಅರ್ಧ ಹಗುರಾಗುತ್ತದೆ.

ಗೋಡೋ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮನ್ಸೂರ್ ಎಂಬಿಬ್ಬರು ತಮ್ಮ ಕೆಲಸಕ್ಕಾಗಿ ಕಟ್ಟಿಕೊಂಡಿದ್ದನ್ನು 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಿಕೊಳ್ಳಿ ಎನ್ನುವ ಎಂಐಟಿ ಲೈಸೆನ್ಸಿನಡಿ ಬರುವುದರಿಂದ ಖಾತೆ ತೆರೆಯಬೇಕಿಲ್ಲ, ಫೀಸು ಕಟ್ಟಬೇಕಿಲ್ಲ, ನಾಳೆ ನಿಮ್ಮ ಗೇಮ್ ಹಣ ಮಾಡಿದರೂ ಅದರಲ್ಲಿ ಪಾಲು ಕೇಳುವವರಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. 2023ರ ಸೆಪ್ಟೆಂಬರಿನಲ್ಲಿ ಗೋಡೋದಂಥದ್ದೇ ಇನ್ನೊಂದು ಗೇಮ್ ಎಂಜಿನ್ ಮಾಡುವ ಯೂನಿಟಿ ಕಂಪನಿ, ಒಂದು ಮಿತಿ ದಾಟಿದ ಮೇಲೆ ಗೇಮ್ ಇನ್‌ಸ್ಟಾಲ್ ಆದಷ್ಟೂ ಶುಲ್ಕ ಎಂದು ಘೋಷಿಸಿತು. ಜಗತ್ತಿನಾದ್ಯಂತ ಗೇಮ್ ಮಾಡುವವರು ತಿರುಗಿಬಿದ್ದರು, ಒಂದು ವರ್ಷದ ಮೇಲೆ ಕಂಪನಿ ಅದನ್ನು ಪೂರ್ತಿ ಕೈಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಗೋಡೋ ಕಡೆ ಬಂದಿದ್ದರು. ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆಯ ಕೀಲಿಕೈ ಇನ್ನೊಬ್ಬರ ಜೇಬಿನಲ್ಲಿರಬಾರದು ಎಂದು ನನಗೆ ಮನಸ್ಸಿನಿಂದ ಅನ್ನಿಸುತ್ತದೆ. ಡಿಟಿಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಫ್ಟ್‌ವೇರುಗಳು ತಿಂಗಳ ಬಾಡಿಗೆಗೆ ತಿರುಗಿದ್ದನ್ನು ನಾವು ಕಣ್ಣಾರೆ ನೋಡಿದವರು.

ಡೌನ್‌ಲೋಡ್ ನೂರು ಎಂಬಿಯೊಳಗೆ ಮುಗಿಯುತ್ತದೆ. ಜಿಪ್ ಬಿಡಿಸಿ ಡಬಲ್ ಕ್ಲಿಕ್ ಮಾಡಿದರೆ ಆಯಿತು, ಇನ್‌ಸ್ಟಾಲ್ ಎಂಬ ಶಾಸ್ತ್ರವೇ ಇಲ್ಲ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಓಡಾಡಬಹುದು. ಸೈಟಿನಲ್ಲಿ ಎರಡು ಬಗೆ ಕಾಣಿಸುತ್ತದೆ, ಸಾದಾ ಒಂದು, ಡಾಟ್‌ನೆಟ್ ಎಂದು ಬರೆದದ್ದು ಇನ್ನೊಂದು. ಹೊಸಬರು ಸಾದಾ ಆವೃತ್ತಿಯನ್ನೇ ತೆಗೆದುಕೊಳ್ಳಿ. ಡಾಟ್‌ನೆಟ್ ಇರುವುದು ಸಿ-ಶಾರ್ಪ್ ಭಾಷೆ ಬಲ್ಲವರಿಗೆ, ಮತ್ತು ಗೋಡೋ 4ರಲ್ಲಿ ಆ ಭಾಷೆಯಲ್ಲಿ ಬರೆದ ಗೇಮನ್ನು ಬ್ರೌಸರಿಗೆ ಹಾಕಲು ಬರುವುದಿಲ್ಲ. ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ, ಯಾವುದು ಎಂದು ಕೇಳುತ್ತದೆ. ಮೂರು ಆಯ್ಕೆಗಳಲ್ಲಿ 'ಕಂಪ್ಯಾಟಿಬಿಲಿಟಿ' ಎಂಬುದನ್ನು ಒತ್ತಿ. ಹಳೇ ಯಂತ್ರದಲ್ಲಿ ತೊಡಕಿಲ್ಲದೆ ನಡೆಯುವುದು ಅದು, ವೆಬ್‌ಗೆ ಹಾಕಲು ಬೇಕಾಗುವುದೂ ಅದೇ.

ತೆರೆದ ತಕ್ಷಣ ಕಾಣುವ ಪರದೆ ಹೊಸಬರಿಗೆ ಗಾಬರಿ ಹುಟ್ಟಿಸುತ್ತದೆ, ನಿಜ. ಕೋರೆಲ್ ಡ್ರಾದಲ್ಲಿ ಕೆಲಸ ಮಾಡಿದ ನನಗೆ ಒಂದು ಅನುಕೂಲವಾಯಿತು. ಅಲ್ಲಿ ವರನ ಹೆಸರು, ವಧುವಿನ ಹೆಸರು, ಗಣಪತಿ ಚಿತ್ರ ಎಲ್ಲವನ್ನೂ ಗ್ರೂಪ್ ಮಾಡಿ ಎಳೆದರೆ ಒಟ್ಟಿಗೆ ಸರಿಯುತ್ತವಲ್ಲ, ಗೋಡೋದಲ್ಲಿ 'ನೋಡ್' ಎಂಬುದು ಹಾಗೆ. ಒಂದು ನೋಡಿನ ಅಡಿಗೆ ಇನ್ನೊಂದು ನೋಡ್ ಇಟ್ಟರೆ ಮೇಲಿನದು ಸರಿದಾಗ ಕೆಳಗಿನದು ಜೊತೆಗೆ ಸರಿಯುತ್ತದೆ. ಚಿತ್ರ ತೋರಿಸಲು ಒಂದು ನೋಡ್, ಡಿಕ್ಕಿ ಗುರುತಿಸಲು ಒಂದು, ಶಬ್ದಕ್ಕೆ ಒಂದು, ಗಡಿಯಾರಕ್ಕೆ ಒಂದು. ಇವನ್ನು ಜೋಡಿಸಿ ಉಳಿಸಿದ ಗುಂಪೇ 'ಸೀನ್'. ಆಟಗಾರ ಒಂದು ಸೀನ್, ಶತ್ರು ಒಂದು ಸೀನ್, ಇಬ್ಬರನ್ನೂ ತಂದು ಕೂರಿಸುವ ಮೈದಾನ ಇನ್ನೊಂದು ಸೀನ್. ಇಷ್ಟು ಹಿಡಿತಕ್ಕೆ ಸಿಕ್ಕಿತೆಂದರೆ ಗೋಡೋದ ಮುಕ್ಕಾಲು ಸಿಕ್ಕ ಹಾಗೆ.

ಇನ್ನು ಕಲಿಯುವ ದಾರಿ. ಯೂಟ್ಯೂಬಿನಲ್ಲಿ ಪಾಠಗಳಿಗೆ ಲೆಕ್ಕವಿಲ್ಲ, ಆದರೆ ಶುರು ಮಾಡಬೇಕಾದ್ದು ಅಲ್ಲಿಂದ ಅಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಗೋಡೋದವರೇ ಬರೆದ ಅಧಿಕೃತ ಕೈಪಿಡಿಯಲ್ಲಿ 'ನಿಮ್ಮ ಮೊದಲ 2ಡಿ ಗೇಮ್' ಎಂಬ ಪಾಠವಿದೆ. ಅದರಲ್ಲಿ ಕಟ್ಟಿಸುವ ಆಟದ ಹೆಸರು 'ಡಾಡ್ಜ್ ದ ಕ್ರೀಪ್ಸ್'. ನಾಲ್ಕೂ ಕಡೆಯಿಂದ ನುಗ್ಗುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳುತ್ತ ಎಷ್ಟು ಹೊತ್ತು ಉಳಿಯುತ್ತೀರೋ ಅಷ್ಟು ಅಂಕ. ಚಿತ್ರ, ಸಂಗೀತ, ಫಾಂಟು ಎಲ್ಲ ಅವರೇ ಕೊಡುತ್ತಾರೆ. ಕಿಟಕಿಯ ಅಳತೆ 480ಕ್ಕೆ 720 ಎಂದು ಹಾಕುವುದರಿಂದ ಹಿಡಿದು, ಆಟಗಾರನ ಸೀನ್, ಪ್ರಾಣಿಯ ಸೀನ್, ಮೂರು ಟೈಮರ್‌ಗಳು, ಕೊನೆಗೆ ಅಂಕ ತೋರಿಸುವ ಪರದೆವರೆಗೆ ಒಂದೊಂದೇ ಮೆಟ್ಟಿಲು. ಮುಗಿದಾಗ ಕೈಯಲ್ಲಿ ಆಡಬಹುದಾದ ಒಂದು ಪೂರ್ತಿ ಗೇಮ್ ಇರುತ್ತದೆ, ಮೊದಲ ಪರದೆಯಿಂದ 'ಗೇಮ್ ಓವರ್'ವರೆಗೆ. ಈ ಪೂರ್ತಿತನವೇ ಆ ಪಾಠದ ದೊಡ್ಡ ಗುಣ.

ಅದರಲ್ಲಿ ಕೋಡಿನ ಎರಡು ಸಾಲುಗಳ ಮೇಲೆ ನಾವು ಒಂದು ಸಂಜೆ ಪೂರ್ತಿ ಕೂತೆವು. ಬಲಗಡೆ ಬಾಣದ ಕೀ ಒತ್ತಿದರೆ ಎಕ್ಸ್‌ಗೆ ಒಂದು ಸೇರುತ್ತದೆ, ಕೆಳಗಿನದು ಒತ್ತಿದರೆ ವೈಗೆ ಒಂದು. ಕೆಳಗೆ ಹೋದರೆ ವೈ ಹೆಚ್ಚಾಗುತ್ತದೆ, ಶಾಲೆಯ ಗ್ರಾಫ್ ಹಾಳೆಗೆ ತಿರುಗಾಮುರುಗಾ, ಯಾಕೆಂದರೆ ಪರದೆಯ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ. ಎರಡೂ ಕೀ ಒಟ್ಟಿಗೆ ಒತ್ತಿದರೆ ಆಟಗಾರ ಓರೆಯಾಗಿ ಹೋಗುತ್ತಾನೆ. ಆಗ ಅವನ ವೇಗ ಎಷ್ಟು? ಒಂದರ ವರ್ಗ ಮತ್ತು ಒಂದರ ವರ್ಗ ಕೂಡಿಸಿದರೆ ಎರಡು, ಅದರ ವರ್ಗಮೂಲ ಸುಮಾರು 1.41. ಅಂದರೆ ಓರೆಯಾಗಿ ಓಡುವವನಿಗೆ ಪುಕ್ಕಟೆ ಶೇಕಡಾ 41 ಹೆಚ್ಚು ವೇಗ. 'ನಾರ್ಮಲೈಸ್ಡ್' ಎಂಬ ಒಂದು ಪದ ಸೇರಿಸಿದರೆ ಯಾವ ದಿಕ್ಕಿಗೆ ಹೋದರೂ ಉದ್ದ ಒಂದಕ್ಕೇ ನಿಲ್ಲುತ್ತದೆ. ಹುಡುಗ ಆ ಪದವನ್ನು ಅಳಿಸಿ ಓಡಿಸಿದ, ಮತ್ತೆ ಸೇರಿಸಿ ಓಡಿಸಿದ, ವ್ಯತ್ಯಾಸ ಕಣ್ಣಿಗೇ ಕಂಡಿತು. ಪೈಥಾಗೊರಸ್ ಪ್ರಮೇಯ ಪರೀಕ್ಷೆಯ ಹಾಳೆಯಿಂದ ಆಚೆಗೂ ಬಾಳುತ್ತದೆ ಎಂದು ಅವನಿಗೆ ತೋರಿಸಲು ನಾನು ಬೇರೇನೂ ಹೇಳಬೇಕಾಗಲಿಲ್ಲ.

ಎರಡನೆಯ ಸಾಲಿನಲ್ಲಿರುವುದು 'ಡೆಲ್ಟಾ'. ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವ ಚಿತ್ರಗಳೇ ಫ್ರೇಮುಗಳು, ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಕಳೆದ ಸಮಯ ಡೆಲ್ಟಾ. ಆಟಗಾರನ ವೇಗ ಸೆಕೆಂಡಿಗೆ 400 ಪಿಕ್ಸೆಲ್ ಎಂದಿಟ್ಟಿದ್ದಾರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಯಂತ್ರದಲ್ಲಿ ಪ್ರತಿ ಫ್ರೇಮಿಗೂ ಸುಮಾರು 6.7 ಪಿಕ್ಸೆಲ್ ಸರಿಯುತ್ತಾನೆ, 30 ಮಾತ್ರ ಓಡುವ ನಮ್ಮಂಥ ಯಂತ್ರದಲ್ಲಿ 13.3. ಸೆಕೆಂಡು ಮುಗಿದಾಗ ಇಬ್ಬರೂ ಒಂದೇ ಜಾಗದಲ್ಲಿರುತ್ತಾರೆ. ಡೆಲ್ಟಾದಿಂದ ಗುಣಿಸದಿದ್ದರೆ ಒಳ್ಳೆಯ ಕಂಪ್ಯೂಟರ್ ಇದ್ದವನ ಆಟಗಾರ ಎರಡು ಪಟ್ಟು ವೇಗವಾಗಿ ಓಡುತ್ತಿದ್ದ. ಇದನ್ನು ಒಂದು ಸಲ ತಿಳಿದವರು ಮುಂದೆ ಯಾವ ಎಂಜಿನ್‌ಗೆ ಹೋದರೂ ತಡವರಿಸುವುದಿಲ್ಲ.

ಕೋಡ್ ಬರೆಯುವ ಭಾಷೆ ಜಿಡಿಸ್ಕ್ರಿಪ್ಟ್. ಪೈಥಾನ್ ನೋಡಿದವರಿಗೆ ಅದರ ತಂಗಿಯ ಹಾಗೆ ಕಾಣುತ್ತದೆ, ಪುಷ್ಪಾವರಣ ಬ್ರಾಕೆಟ್ಟುಗಳ ಕಾಟವಿಲ್ಲ, ಸಾಲು ಒಳಕ್ಕೆ ಸರಿದಿದ್ದರೆ ಅದು ಮೇಲಿನ ಸಾಲಿಗೆ ಸೇರಿದ್ದು. ಭಾಷೆಯೇ ಕಷ್ಟ ಅನ್ನಿಸುವವರಿಗೆ ಜಿಡಿಕ್ವೆಸ್ಟ್ ಎಂಬ ತಂಡದವರು 'ಸೊನ್ನೆಯಿಂದ ಜಿಡಿಸ್ಕ್ರಿಪ್ಟ್ ಕಲಿಯಿರಿ' ಎಂಬ ಉಚಿತ ಪಾಠವನ್ನು ಬ್ರೌಸರಿನಲ್ಲೇ ಇಟ್ಟಿದ್ದಾರೆ, ಓದಿದ್ದನ್ನು ಪಕ್ಕದಲ್ಲೇ ಬರೆದು ಓಡಿಸಿ ನೋಡಬಹುದು. ಅದನ್ನು ಮುಗಿಸಿ ಬಂದರೆ ಕೈಪಿಡಿ ಓದುವುದು ಸುಲಭ. ಎಡಿಟರಿನೊಳಗೆ ಸಹಾಯವೂ ಚೆನ್ನಾಗಿದೆ. ಎಫ್1 ಒತ್ತಿದರೆ ಹುಡುಕುವ ಕಿಟಕಿ, ಕೋಡಿನ ಯಾವುದೇ ಪದದ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ಅದರ ವಿವರ ಅಲ್ಲೇ ತೆರೆಯುತ್ತದೆ. ಕರೆಂಟು ಹೋಗಿ ರೂಟರ್ ಆರಿದಾಗಲೂ ಲ್ಯಾಪ್‌ಟಾಪಿನಲ್ಲಿ ಓದುತ್ತ ಕೂರಬಹುದು. ಇದೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದ ಮಕ್ಕಳ ಪಕ್ಕದಲ್ಲಿ ಮೊದಲ ತಿಂಗಳು ಯಾರಾದರೂ ದೊಡ್ಡವರು ಕೂರಬೇಕು. ಆಮೇಲೆ ಅದೇ ಇನ್ನೂರು ಮುನ್ನೂರು ಪದಗಳು ತಿರುಗಿ ತಿರುಗಿ ಬರುವುದರಿಂದ ಅವರೇ ನಡೆಸಿಕೊಂಡು ಹೋಗುತ್ತಾರೆ.

ಹೊಸಬರು ಅತಿ ಹೆಚ್ಚು ಸಮಯ ಕಳೆದುಕೊಳ್ಳುವ ಜಾಗ ಒಂದಿದೆ, ಇದನ್ನು ಮಾತ್ರ ಗಮನವಿಟ್ಟು ಓದಿ. 2023ರ ಮಾರ್ಚಿನಲ್ಲಿ ಗೋಡೋ 4 ಬಂತು. ಅದರೊಂದಿಗೆ ಹಳೆಯ 3ರ ಎಷ್ಟೋ ಹೆಸರುಗಳು ಬದಲಾದವು. ಅಂತರ್ಜಾಲದಲ್ಲಿ ಈಗಲೂ 3ರ ಪಾಠಗಳು ರಾಶಿ ಬಿದ್ದಿವೆ. ಅಲ್ಲಿ 'ಕೈನೆಮ್ಯಾಟಿಕ್‌ಬಾಡಿ2ಡಿ' ಎಂಬ ನೋಡ್ ಸೇರಿಸಿ ಎನ್ನುತ್ತಾರೆ, ನಿಮ್ಮ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ. 4ರಲ್ಲಿ ಅದು 'ಕ್ಯಾರೆಕ್ಟರ್‌ಬಾಡಿ2ಡಿ'. 'ಯೀಲ್ಡ್' ಹೋಗಿ 'ಅವೈಟ್' ಆಗಿದೆ, 'ಇನ್‌ಸ್ಟೆನ್ಸ್' ಹೋಗಿ 'ಇನ್‌ಸ್ಟ್ಯಾನ್ಷಿಯೇಟ್' ಆಗಿದೆ, 'ಎಕ್ಸ್‌ಪೋರ್ಟ್' ಮತ್ತು 'ಆನ್‌ರೆಡಿ' ಮುಂದೆ ಈಗ ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ ಬೇಕು. 'ಮೂವ್ ಅಂಡ್ ಸ್ಲೈಡ್' ಎಂಬ ಫಂಕ್ಷನ್ನಿಗೆ (ಹೆಸರು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು) ಆಗ ಆವರಣದೊಳಗೆ ವೇಗ ಕೊಡುತ್ತಿದ್ದರು, ಈಗ ಆವರಣ ಖಾಲಿ, ವೇಗವನ್ನು ಮೊದಲೇ 'ವೆಲಾಸಿಟಿ'ಗೆ ತುಂಬಿಸಿರಬೇಕು. ಪಾಠ ಹೇಳಿದ ಹಾಗೇ ಅಕ್ಷರ ಬಿಡದೆ ಬರೆದರೂ ತಪ್ಪಿದೆ ಎನ್ನುವ ಕೆಂಪು ಸಾಲು ಬಂದರೆ ಹುಡುಗರು ತಮಗೇ ಬುದ್ಧಿ ಇಲ್ಲವೆಂದುಕೊಂಡು ಮುಚ್ಚಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ. ಪಾಠದ ವಿಡಿಯೊ ಯಾವ ಆವೃತ್ತಿಗೆ ಮಾಡಿದ್ದು ಎಂದು ಮೊದಲು ನೋಡಿ, 4 ಎಂದಿಲ್ಲದಿದ್ದರೆ ಮುಟ್ಟಬೇಡಿ.

ಇನ್ನೊಂದು ಕೆಂಪು ಸಾಲು ಎಲ್ಲರಿಗೂ ಬರುವಂಥದ್ದು, 'ನಲ್ ಇನ್‌ಸ್ಟೆನ್ಸ್' ಎಂಬ ಪದ ಇರುತ್ತದೆ. ಹತ್ತರಲ್ಲಿ ಎಂಟು ಸಲ ಕಾರಣ ಇಷ್ಟೇ: ಕೋಡಿನಲ್ಲಿ ಡಾಲರ್ ಚಿಹ್ನೆಯ ಮುಂದೆ ಬರೆದ ನೋಡಿನ ಹೆಸರು ಒಂದು, ಎಡಗಡೆ ನೋಡುಗಳನ್ನು ಕೊಂಬೆ ಕೊಂಬೆಯಾಗಿ ತೋರಿಸುವ ಮರದಲ್ಲಿರುವ ಹೆಸರು ಇನ್ನೊಂದು. ದೊಡ್ಡಕ್ಷರ ಚಿಕ್ಕಕ್ಷರ ವ್ಯತ್ಯಾಸವಾದರೂ ಸಾಕು. ನೋಡನ್ನು ಮರದಿಂದಲೇ ಎಳೆದು ಕೋಡಿನೊಳಗೆ ಬಿಟ್ಟರೆ ಹೆಸರು ತಾನಾಗಿ ಸರಿಯಾಗಿ ಬೀಳುತ್ತದೆ.

ಮೊದಲ ಗೇಮ್ ಆದ ಮೇಲೆ ಎಲ್ಲರ ಮನಸ್ಸೂ ಪಬ್ಜಿ ಕಡೆ ಓಡುತ್ತದೆ. ನಾವು ಚೌಕಾಬಾರ ಹಿಡಿದೆವು, ಅದು ಒಳ್ಳೆಯ ಆಯ್ಕೆ ಎಂದು ಈಗಲೂ ಹೇಳುತ್ತೇನೆ. ಓಟವಿಲ್ಲ, ಗುರುತ್ವವಿಲ್ಲ, ಡಿಕ್ಕಿಯಿಲ್ಲ. ಐದಕ್ಕೆ ಐದು ಮನೆ, ನಾಲ್ಕು ಕವಡೆ, ನಿಯಮ ಎಲ್ಲರಿಗೂ ಬಾಯಿಪಾಠ. ತಲೆ ಪೂರ್ತಿ ಕೋಡಿನ ಮೇಲೆ ಇಡಬಹುದು. ಹೊರಗಿನ ಹದಿನಾರು ಮನೆ ಸುತ್ತಿ, ಒಳಗಿನ ಎಂಟು ಮನೆ ಎದುರು ದಿಕ್ಕಿನಲ್ಲಿ ಸುತ್ತಿ, ನಡುಮನೆಗೆ ಬಂದರೆ ಕಾಯಿ ಹಣ್ಣು. ಒಟ್ಟು 25 ಮನೆಗಳ ಪಟ್ಟಿಯೊಂದನ್ನು ಸಾಲಾಗಿ ಬರೆದಿಟ್ಟರೆ ಕಾಯಿ ಎಲ್ಲಿದೆ ಎಂಬುದು ಸೊನ್ನೆಯಿಂದ 24ರವರೆಗಿನ ಒಂದು ಸಂಖ್ಯೆ ಮಾತ್ರ. ಮೂರು ಬಿದ್ದರೆ ಆ ಸಂಖ್ಯೆಗೆ ಮೂರು ಕೂಡಿಸಿ, ಪಟ್ಟಿಯಲ್ಲಿ ಅಲ್ಲಿರುವ ಮನೆಗೆ ಕಾಯಿ ಸರಿಸಿ. ಒಬ್ಬನ ದಾರಿ ಬರೆದರೆ ಸಾಕು, ಮಣೆಯನ್ನು ಕಾಲು ಸುತ್ತು ತಿರುಗಿಸಿದರೆ ಪಕ್ಕದವನ ದಾರಿ ಅದೇ.

ಕವಡೆ ಹಾಕುವ ಜಾಗದಲ್ಲಿ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ. ಒಂದು, ಎರಡು, ಮೂರು, ನಾಲ್ಕು, ಎಂಟು, ಈ ಐದರಲ್ಲಿ ಒಂದನ್ನು ಕಂಪ್ಯೂಟರ್ ಕಣ್ಣುಮುಚ್ಚಿ ಎತ್ತಿದರೆ ಸಾಲದೇ? ಸಾಲದು. ಹಾಗೆ ಮಾಡಿದರೆ ಐದು ಹಾಕಿಗೆ ಒಂದು ಎಂಟು ಬೀಳುತ್ತದೆ, ಆಟ ಕೆಡುತ್ತದೆ. ನಾಲ್ಕು ಕವಡೆಗಳನ್ನು ಬೇರೆಬೇರೆಯಾಗಿ ಹಾಕಿಸಬೇಕು, ಪ್ರತಿಯೊಂದಕ್ಕೂ ಸೊನ್ನೆ ಅಥವಾ ಒಂದು. ನಾಲ್ಕನ್ನೂ ಕೂಡಿಸಿ, ಸೊನ್ನೆ ಬಂದರೆ ಅದನ್ನೇ ಎಂಟು ಎಂದು ತಿರುಗಿಸಬೇಕು. ಮಗುಚಲೂ ಅಂಗಾತಲೂ ಸಮಸಮ ಎಂದು ಹಿಡಿದರೆ ಹದಿನಾರು ಬಗೆಯಲ್ಲಿ ಎರಡು ಬೀಳುವುದು ಆರು, ಒಂದು ಬೀಳುವುದು ನಾಲ್ಕು, ಮೂರು ಬೀಳುವುದು ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ಎಂಟು ಬಿದ್ದಾಗ ಎಲ್ಲರೂ ಕೂಗುವುದು ಯಾಕೆಂದು ಲೆಕ್ಕದಲ್ಲೇ ಇದೆ. ಕೋಡಿನಲ್ಲಿ ಅವನು ಆ ಜಾಗಕ್ಕೆ 'ಕವಡೆ' ಎಂದೇ ಕನ್ನಡ ಲಿಪಿಯಲ್ಲಿ ಹೆಸರಿಟ್ಟ. ಗೋಡೋ 4 ಅದನ್ನು ಒಪ್ಪುತ್ತದೆ, ವೇರಿಯಬಲ್ ಹೆಸರು ಕನ್ನಡದಲ್ಲಿರಬಹುದು. ಅಂಕ, ಸರದಿ, ಕಾಯಿ, ಮನೆ, ಹೀಗೆ ಬರೆದ ಕೋಡನ್ನು ಅವನ ತಂಗಿ ಓದಿ ಅರ್ಧ ಅರ್ಥ ಮಾಡಿಕೊಂಡಳು. ನನಗೆ ಆ ಸಂಜೆ ಬಹಳ ಸಂತೋಷವಾಯಿತು.

ಈಗ ನನ್ನ ಕಸುಬಿಗೆ ಹತ್ತಿರದ ವಿಷಯ, ಪರದೆ ಮೇಲೆ ಕನ್ನಡ. ಗೋಡೋ 3ರಲ್ಲಿ ಭಾರತೀಯ ಲಿಪಿಗಳನ್ನು ಹೆಣೆಯುವ ವ್ಯವಸ್ಥೆ ಇರಲಿಲ್ಲ, ಒತ್ತಕ್ಷರ ಕೆಳಗೆ ಕೂರುತ್ತಿರಲಿಲ್ಲ. 4ರಲ್ಲಿ ಹಾರ್ಫ್‌ಬಝ್ ಎಂಬ ಅಕ್ಷರ ಹೆಣೆಯುವ ಸಾಧನ ಒಳಗೇ ಸೇರಿದೆ. 'ಲೇಬಲ್' ನೋಡಿನಲ್ಲಿ 'ಧರ್ಮಸ್ಥಳ' ಎಂದು ಟೈಪಿಸಿ ನೋಡಿದೆ, ಅರ್ಕಾವತ್ತೂ ಸರಿ, ಥ-ಒತ್ತೂ ಸರಿ. ಲಗ್ನಪತ್ರಿಕೆಯಲ್ಲಿ ಒಂದು ಒತ್ತು ಜಾರಿದರೂ ಗಿರಾಕಿ ವಾಪಸ್ ತರುತ್ತಾರೆ, ಆ ಕಣ್ಣಿನಿಂದಲೇ ನೋಡಿ ಹೇಳುತ್ತಿದ್ದೇನೆ, ಚೆನ್ನಾಗಿದೆ.

ಆದರೆ ಮೂರು ಎಚ್ಚರಿಕೆ ಬೇಕು. ನುಡಿ, ಬರಹದ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಎರಡನೆಯದು ಫಾಂಟ್. ವಿಂಡೋಸಿನಲ್ಲಿ ಗೋಡೋ ತನ್ನಲ್ಲಿ ಕನ್ನಡ ಅಕ್ಷರ ಇಲ್ಲದಿದ್ದಾಗ ಕಂಪ್ಯೂಟರಿನ ಫಾಂಟ್ ತಾನೇ ಎತ್ತಿಕೊಂಡು ತೋರಿಸುತ್ತದೆ, ಅದೇ ಗೇಮನ್ನು ಬ್ರೌಸರಿಗೆ ಹಾಕಿದರೆ ಖಾಲಿ ಚೌಕಗಳು. ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟಿನ ಕಡತವನ್ನು ಪ್ರಾಜೆಕ್ಟಿನೊಳಗೇ ಹಾಕಿ, ಲೇಬಲ್ಲಿಗೆ ಅದನ್ನೇ ಜೋಡಿಸಿ. ಮೂರನೆಯದು ಅಕ್ಷರ ಎಣಿಕೆ. 'ಸ್ತ್ರೀ' ನಮಗೆ ಒಂದಕ್ಷರ, ಗೋಡೋದ ಉದ್ದ ಅಳೆಯುವ ಫಂಕ್ಷನ್ನಿಗೆ ಆರು: ಸ, ಅರ್ಧಚಿಹ್ನೆ, ತ, ಮತ್ತೆ ಅರ್ಧಚಿಹ್ನೆ, ರ, ದೀರ್ಘ. ಪದಬಂಧ, ಅಂತ್ಯಾಕ್ಷರಿ ಥರದ ಆಟ ಮಾಡುವವರು ಅಕ್ಷರ ಒಡೆಯುವ ಸಣ್ಣ ಫಂಕ್ಷನ್ ತಾವೇ ಬರೆದುಕೊಳ್ಳಬೇಕು. ಅರ್ಧಚಿಹ್ನೆ ಬಂದರೆ ಮುಂದಿನ ವ್ಯಂಜನವನ್ನೂ ಇದೇ ಅಕ್ಷರಕ್ಕೆ ಸೇರಿಸು, ಸ್ವರಚಿಹ್ನೆ, ಅನುಸ್ವಾರ ಬಂದರೂ ಸೇರಿಸು, ಇಲ್ಲದಿದ್ದರೆ ಹೊಸ ಅಕ್ಷರ ಶುರು ಮಾಡು. ಸಂಭಾಷಣೆ ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದರೂ ಇದೇ ತೊಡಕು, ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ ಎಂದು ಮಿನುಗುತ್ತದೆ. ಲೇಬಲ್ಲಿನ 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಎಂಬಲ್ಲಿ 'ಆಫ್ಟರ್ ಶೇಪಿಂಗ್' ಇರುವುದನ್ನು ಆರಿಸಿದರೆ ಈ ಮಿನುಗು ಹೋಗುತ್ತದೆ.

ಮಾಡಿದ್ದನ್ನು ಬೇರೆಯವರಿಗೆ ಆಡಿಸುವ ಹಂತ ಗೋಡೋದಲ್ಲಿ ನನಗೆ ಕಡಿಮೆ ಹಿಡಿಸಿದ ಭಾಗ. ಎಡಿಟರ್ ಎಷ್ಟು ಚಿಕ್ಕದೋ, ಗೇಮನ್ನು ಅದರಿಂದ ಹೊರತೆಗೆಯಲು ಬೇಕಾದ 'ಎಕ್ಸ್‌ಪೋರ್ಟ್ ಟೆಂಪ್ಲೇಟ್' ಅಷ್ಟು ದೊಡ್ಡದು, ಒಂದು ಜಿಬಿಯ ಆಸುಪಾಸು. ದಿನದ ಡೇಟಾ ಲೆಕ್ಕ ಹಾಕುವವರು ವೈಫೈ ಇರುವಲ್ಲಿ ಇಳಿಸಿಕೊಳ್ಳಿ. ಆಂಡ್ರಾಯ್ಡಿಗೆ ಹಾಕಲು ಜಾವಾ ಕಿಟ್, ಆಂಡ್ರಾಯ್ಡ್ ಎಸ್‌ಡಿಕೆ, ಸಹಿ ಹಾಕುವ ಕೀಲಿ ಕಡತ ಎಂದು ಸಾಲು ಹಚ್ಚುತ್ತದೆ, ಮೊದಲ ಗೇಮಿಗೇ ಆ ಗೊಡವೆ ಬೇಡ. ವೆಬ್‌ಗೆ ಹಾಕಿ. 2024ರ ಆಗಸ್ಟಿನಲ್ಲಿ ಬಂದ 4.3ರಿಂದ ವೆಬ್ ದಾರಿ ಸುಗಮವಾಗಿದೆ, ಅದಕ್ಕೆ ಮೊದಲು ಸರ್ವರಿನಲ್ಲಿ ವಿಶೇಷ ಸೆಟ್ಟಿಂಗ್ ಕೇಳುತ್ತಿತ್ತು, ಐಫೋನಿನಲ್ಲಿ ಕೈಕೊಡುತ್ತಿತ್ತು. ಮುಖ್ಯ ಕಡತಕ್ಕೆ 'ಇಂಡೆಕ್ಸ್' ಎಂದು ಹೆಸರಿಟ್ಟು, ಎಲ್ಲವನ್ನೂ ಜಿಪ್ ಮಾಡಿ ಇಚ್ ಡಾಟ್ ಐಓ ಎಂಬ ಗೇಮ್ ಹಂಚುವ ಸೈಟಿಗೆ ಏರಿಸಿದರೆ ಒಂದು ಕೊಂಡಿ ಸಿಗುತ್ತದೆ. ಅದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ. ಅಕ್ಕ ಸಾಗರದಲ್ಲಿ ಕೂತು ಮಗನ ಗೇಮ್ ಫೋನಿನಲ್ಲಿ ಆಡಿದಳು. ಡಾಡ್ಜ್ ದ ಕ್ರೀಪ್ಸ್ ಬಾಣದ ಕೀಗಳ ಆಟವಾದ್ದರಿಂದ ಅದಕ್ಕೆ ಬೆರಳಿನ ನಿಯಂತ್ರಣ ನಾವೇ ಸೇರಿಸಿದ್ದೆವು, ಚೌಕಾಬಾರಕ್ಕೆ ಅದರ ಅಗತ್ಯ ಬರಲಿಲ್ಲ, ಕಾಯಿ ಮುಟ್ಟಿದರೆ ಸಾಕು.

ಚಿತ್ರ ಬರೆಯಲು ಬಾರದವರು ಕೆನ್ನಿ ಎಂಬ ಹೆಸರಿನಲ್ಲಿ ಸಿಗುವ ಚಿತ್ರಗಳನ್ನು ಬಳಸಬಹುದು, ಸಾವಿರಾರಿವೆ, ಎಲ್ಲ ಹಕ್ಕುಮುಕ್ತ. ಗೂಗಲ್ ಚಿತ್ರಗಳಿಂದ ಎತ್ತಿ ಹಾಕುವ ಅಭ್ಯಾಸ ಮಕ್ಕಳಿಗೆ ಶುರುವಿನಲ್ಲೇ ಬೇಡ.

ಬೇರೆಯವುಗಳ ಜೊತೆ ತೂಗಿದರೆ, ಕೋಡ್ ಬರೆಯುವುದೇ ಬೇಡ ಎನ್ನುವವರಿಗೆ ಜಿಡೆವಲಪ್ ಚೆನ್ನಾಗಿದೆ, ಅದೂ ಮುಕ್ತ ತಂತ್ರಾಂಶ, 'ಹೀಗಾದರೆ ಹೀಗೆ' ಎಂಬ ಸಾಲುಗಳನ್ನು ಆರಿಸುತ್ತ ಹೋಗುವುದು. ಕನ್‌ಸ್ಟ್ರಕ್ಟ್ 3 ಬ್ರೌಸರಿನಲ್ಲಿ ಸಲೀಸಾಗಿ ನಡೆಯುತ್ತದೆ, ಆದರೆ ಪೂರ್ತಿ ಬಳಸಲು ಚಂದಾ ಕಟ್ಟುತ್ತಿರಬೇಕು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೆಲಸವೇ ಗುರಿಯಾಗಿದ್ದರೆ ಮುಂದೊಂದು ದಿನ ಯೂನಿಟಿ ಅಥವಾ ಅನ್‌ರಿಯಲ್ ಕಲಿಯಲೇಬೇಕಾಗುತ್ತದೆ. ನಮ್ಮ ಅಂಗಡಿಯಂಥ ಯಂತ್ರಕ್ಕೆ ಅವು ಭಾರ. ಗೋಡೋದಲ್ಲಿ ನೋಡ್, ಡೆಲ್ಟಾ, ಡಿಕ್ಕಿ, ಸಿಗ್ನಲ್ (ಏನಾದರೂ ಆದಾಗ ಒಂದು ನೋಡ್ ಇನ್ನೊಂದಕ್ಕೆ ಕೊಡುವ ಸುದ್ದಿ) ತಿಳಿದವರಿಗೆ ಅಲ್ಲಿ ಹೆಸರುಗಳು ಬೇರೆ, ವಿಚಾರ ಹೊಸದಲ್ಲ.

ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಮಕ್ಕಳ ತಂದೆತಾಯಂದಿರು ಅಂಗಡಿಗೆ ಬಂದಾಗ ಕೇಳುತ್ತಾರೆ, ಅವರಿಗೂ ಒಂದು ಮಾತು. ಗೋಡೋ ಎಡಿಟರಿನ ಆಂಡ್ರಾಯ್ಡ್ ಆವೃತ್ತಿ ಪ್ಲೇ ಸ್ಟೋರಿನಲ್ಲಿ ಉಚಿತವಾಗಿ ಸಿಗುತ್ತದೆ. ಫೋನಿನ ಪರದೆಯಲ್ಲಿ ಕಣ್ಣು ಸೋಲುತ್ತದೆ, ಕೋಡ್ ಬರೆಯುವಾಗ ಕೀಬೋರ್ಡೇ ಅರ್ಧ ಜಾಗ ತಿನ್ನುತ್ತದೆ. ಟ್ಯಾಬ್ ಇದ್ದು, ಅದಕ್ಕೊಂದು ಬ್ಲೂಟೂತ್ ಕೀಬೋರ್ಡ್ ಸಿಕ್ಕಿಸಿದರೆ ಮೊದಲ 2ಡಿ ಗೇಮಿನ ಪಾಠವನ್ನು ಅದರಲ್ಲೇ ಮುಗಿಸಬಹುದು. ಕೀಬೋರ್ಡ್ ಕೊಳ್ಳುವ ಮೊದಲು ಎಡಿಟರ್ ಇಳಿಸಿ, ಟ್ಯಾಬಿನಲ್ಲಿ ಒಂದು ಖಾಲಿ ಪ್ರಾಜೆಕ್ಟ್ ತೆರೆದು ನೋಡಿ. ಅದು ತೊಡಕಿಲ್ಲದೆ ತೆರೆದರೆ ಮಾತ್ರ ದುಡ್ಡು ಹಾಕಿ.